ಗಂಟೆ ಕೇಳುವ ಕೆಲಸ

ನಮ್ಮಲ್ಲಿ ಮತವೆಂದರೆ ಕಾಗದವಲ್ಲ, ಗೋಲಿ.
ಗ್ಯಾಂಬಿಯಾ ನದಿಯ ಈ ದಡದಲ್ಲಿ
ಓದು ಬಾರದವರೇ ಹೆಚ್ಚೆಂದು
ಹಿಂದೆ ಯಾರೋ ಹೂಡಿದ ಉಪಾಯ:
ಮರೆಯಲ್ಲಿ ಬಣ್ಣ ಬಳಿದ ಪೀಪಾಯಿಗಳು,
ಕೊಳವೆಯೊಳಗೆ ಗೋಲಿ ಬಿಟ್ಟರೆ
ಒಳಗೊಂದು ಗಂಟೆ, ಟಿಣ್.
ತಳಕ್ಕೆ ಮರಳು, ಎರಡನೇ ಸದ್ದು ಏಳದಂತೆ.

ಪರದೆಯ ಈಚೆ ಕುರ್ಚಿ ಹಾಕಿ ಕೂತವನು ನಾನು,
ಸೈನೆ ಮೇಷ್ಟ್ರು.
ಒಬ್ಬರಿಗೆ ಒಂದೇ ಟಿಣ್. ಎರಡಾದರೆ ಎದ್ದು ನಿಲ್ಲಬೇಕು.
ಇವತ್ತು ಈ ಸುತ್ತ ಸೈಕಲ್ಲು ತರುವಂತಿಲ್ಲ,
ಅದರ ಗಂಟೆಯೂ ಹೀಗೇ ಕೂಗುತ್ತದಲ್ಲ.

ಮಾವಿನ ಮರದಡಿ ಚಹಾ ಕುದಿಸುತ್ತ ಯಾಂಕುಬಾ.
ಕಾಲೇಜು ಮುಗಿಸಿದವನು, ನನ್ನ ತರಗತಿಗೇ ಮೊದಲಿಗ.
ಯಾರ ಮನೆಗೆ ಎಷ್ಟು ಅಕ್ಕಿ ಇಳಿಯಿತು,
ಯಾರ ಕಾರ್ಡು ಯಾರ ಜೇಬಲ್ಲಿದೆ,
ಎಲ್ಲಕ್ಕೂ ಅವನ ಬಳಿ ಪಟ್ಟಿ;
ನಿನ್ನೆ ರಾತ್ರಿ ಲಾಂದ್ರದ ಬೆಳಕಲ್ಲಿ ಕಂಡೆ.
ಎಂಥ ದುಂಡಗಿನ ಅಕ್ಷರ!
ಬೆರಳು ಹಿಡಿದು ತಿದ್ದಿಸಿದವನು ನಾನೇ.

ಆಮೇಲೆ ಬಂದಳು ತಿದಾ ಅಜ್ಜಿ.
ಶೇಂಗಾ ಸುಲಿದು ಉಗುರು ಸವೆದ ಕೈ.
ಒಮ್ಮೆ ಮೊಮ್ಮಗಳ ಜ್ವರಕ್ಕೆ ಏಳು ಮೈಲಿ ನಡೆದು
ಆಸ್ಪತ್ರೆಯ ಮುಚ್ಚಿದ ಬಾಗಿಲಲ್ಲಿ
'ನರ್ಸ್ ಇಲ್ಲ' ಎಂಬ ಹಲಗೆಯ ಕೆಳಗೇ
ಸಂಜೆತನಕ ಕಾದು ಕೂತವಳು.
ಮರುವಾರ ನನ್ನ ರಾತ್ರಿಶಾಲೆಗೆ ಬಂದಳು.
ಆ ಹಲಗೆ ಓದಲು ಎಂಟು ತಿಂಗಳು ಹಿಡಿಯಿತು.
ಓದಿದ್ದೇ ತಡ, ಕೇಳಿದಳು: ಯಾಕಿಲ್ಲ?
ಆ ಪಾಠ ನನ್ನ ಪುಸ್ತಕದಲ್ಲಿರಲಿಲ್ಲ.

ಪರದೆ ಮುಚ್ಚಿತು. ಸದ್ದಿಲ್ಲ.
ಸಾಲು ಗೊಣಗಿತು. ಏಜೆಂಟರು ಗಡಿಯಾರ ನೋಡಿಕೊಂಡರು.
ಆಗ ಒಳಗಿಂದ, ಮಗ್ಗಿ ಒಪ್ಪಿಸುವ ದನಿಯಲ್ಲಿ,
"ಸಾ... ಸಾನ್... ಸಾನ್..."
ಪೀಪಾಯಿಯ ಮೇಲಿನ ಹೆಸರು!
"ಅಜ್ಜೀ, ಗಟ್ಟಿಯಾಗಿ ಬೇಡ! ಮನಸ್ಸಿನಲ್ಲೇ ಓದಿ!"
"ಮನಸ್ಸಿನಲ್ಲಿ ಓದುವುದು ಹೇಗೆ ಮೇಷ್ಟ್ರೇ?
ನೀವು ಹೇಳಿಕೊಟ್ಟಿಲ್ಲವಲ್ಲ."

ಸಾಲೆಲ್ಲ ನಕ್ಕಿತು. ನಾನು ನಗಲಿಲ್ಲ.
ಇಪ್ಪತ್ತಾರು ವರ್ಷ ಒಕ್ಕೊರಲಲ್ಲಿ ಕೂಗಿಸಿದ್ದೇನೆ,
ನಾನು ಹೇಳಿದ್ದನ್ನೇ, ನನ್ನ ರಾಗದಲ್ಲೇ.
ಬಾಯಿ ಮುಚ್ಚಿ, ಒಬ್ಬರೇ, ಒಳಗೊಳಗೇ ಓದಿ
ತಮಗೆ ತಾವೇ ಹೂಂ ಅಥವಾ ಊಹೂಂ ಅನ್ನುವುದನ್ನು
ಯಾರಿಗೂ ಕಲಿಸಲಿಲ್ಲ.
ಯಾಂಕುಬಾನಿಗೂ.

ಪರದೆಯಾಚೆ ಮೌನ.
ತುಟಿ ಮಾತ್ರ ಅಲ್ಲಾಡುತ್ತಿರಬೇಕು,
ಒಂದು ಪೀಪಾಯಿ, ಇನ್ನೊಂದು, ಮತ್ತೆ ಮೊದಲನೆಯದು,
ತಾನು ಮತ ಹಾಕದವರ ಹೆಸರನ್ನೂ ಬಿಡದೆ.
ಹೊರಗೆ ಮರುಭೂಮಿಯ ಗಾಳಿಗೆ
ಕಪ್ಪುಹಲಗೆಯ ಮೇಲೆ ಸಣ್ಣಗೆ ದೂಳು ಕೂರುತ್ತಿತ್ತು.

ಟಿಣ್.

ಸಂಜೆ, ತೂತುಗಳ ಹಲಗೆಯ ಮೇಲೆ ಗೋಲಿ ಸುರಿದೆವು.
ಅಕ್ಕಿಗೆ ಬಿದ್ದದ್ದು ಯಾವುದು, ಓದಿ ಬಿದ್ದದ್ದು ಯಾವುದು?
ಎಲ್ಲಕ್ಕೂ ಒಂದೇ ತೂಕ, ಒಂದೇ ನುಣುಪು.
ಗೆದ್ದವರ ಹೆಸರು ರೇಡಿಯೊ ಹೇಳಿತು.

ಮರುದಿನ ಸೈಕಲ್ಲುಗಳು ರಸ್ತೆಗೆ ಮರಳಿದವು.
ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದೆ.
ಯಾವನೋ ಹುಡುಗ ಟಿಣ್ ಟಿಣ್ ಎನ್ನುತ್ತ ಹಾದುಹೋದ.
ಎರಡು!
ಎದ್ದು ನಿಂತೆ.