ವಸಿ ವಸಿ

ಬೆಳಿಗ್ಗೆ ಮಂಡ್ಯದ ಫೈರ್ ಸ್ಟೇಷನ್ನಿನ ಗೋಡೆಗುಂಟ
ಇರುವೆಯ ಸಾಲು.
ನೀರಿನ ಲಾರಿಯ ಟೈರು ಬಳಸಿ, ಮೇಜಿನ ಕಾಲು ಹತ್ತಿ,
ಏಳನೇ ನಂಬರಿನ ನಾಜಲ್ಲಿನ ಬಾಯಿಗೆ ಇಳಿಯುತ್ತಿದೆ.

ನಿನ್ನೆ ರಾತ್ರಿ ಬಸರಾಳಿನ ದಾರಿಯಲ್ಲಿ
ಆಲೆಮನೆಯೊಂದು ಹತ್ತಿಕೊಂಡಿತ್ತು.
ಉಂಗುರದ ಹಲ್ಲುಗಳ ಸಂದಿಯಲ್ಲಿ ಗಟ್ಟಿಯಾದ
ಸುಟ್ಟ ಬೆಲ್ಲವೇ ಸಾಕ್ಷಿ.

ಜವರಯ್ಯ ಮೇಜಿನ ಮೇಲೆ ಗೋಣಿತಾಟು ಹಾಸಿ
ಅದನ್ನು ಮಲಗಿಸಿದ್ದಾರೆ.
ಹೆಸರಿಗೆ ಜವರ. ಇಪ್ಪತ್ತೊಂಬತ್ತು ವರ್ಷದಿಂದ
ಜವರಾಯನ ಕೈಯಿಂದ ಕಿತ್ತು ತರುವುದೇ ಕಸುಬು.
“ಹೆಸ್ರು ಮನೆಯೋರು ಇಟ್ಟಿದ್ದು ಕಣ್ಲಾ,
ಕೆಲ್ಸ ಸರ್ಕಾರದೋರು ಕೊಟ್ಟಿದ್ದು.
ನಾನೇನ್ ಮಾಡ್ಲಿ.”

ನಾನು ಸೇರಿದ ಮೊದಲ ವಾರ
ಮೈದಾನದಲ್ಲಿ ನಿಲ್ಲಿಸಿ ಹೇಳಿದ್ದರು:
ಎಡಗಾಲು ಮುಂದೆ, ಮಂಡಿ ವಸಿ ಬಗ್ಗಿಸು,
ಹೋಸು ಕಂಕುಳಲ್ಲಿ ಬಿಗಿಯಾಗಿರಲಿ,
ಹಿಂದಿನವನ ಭುಜ ನಿನ್ನ ಬೆನ್ನಿಗೆ.
ನೀರು ಹೋಗೋದು ಮುಂದಕ್ಕೆ,
ಅದು ತಳ್ಳೋದು ನಿನ್ನನ್ನ ಹಿಂದಕ್ಕೆ.
ಹಿಡಿ ಎಳೆಯೋದು ವಸಿ ವಸಿ,
ಮುಚ್ಚೋದು ಇನ್ನೂ ವಸಿ.

ನಾನು ಬಾಗಿಲು ಒದ್ದಂತೆ ತೆರೆದೆ.
ಹೋಸು ಹೆಡೆಯೆತ್ತಿ
ನನ್ನನ್ನೂ ನನ್ನ ಹೊಸ ಬೂಟನ್ನೂ
ಹುಣಸೆಮರದ ಬುಡಕ್ಕೆ ಎಸೆಯಿತು.
ಯಾರೂ ನಗಲಿಲ್ಲ. ಅದೇ ಹೆಚ್ಚು ನೋವಾಯಿತು.

ನಿನ್ನೆ
ಕಬ್ಬಿನ ರಚ್ಚಿನ ಗುಡ್ಡೆ ಬೂದಿ ಹೊದ್ದು ಮಲಗಿ
ಒಳಗೊಳಗೇ ಉರಿಯುತ್ತಿತ್ತು.
ಟ್ಯಾಂಕು ಬರಿದಾಗಿ, ನಾಲೆಗೆ ಪಂಪಿನ ಕೊಳವೆ ಇಳಿಸಿದವನು ನಾನು.
ಅದರ ತುದಿಗೆ ಜಾಲರಿಬುಟ್ಟಿ ಕಟ್ಟಬೇಕು.
ಕಟ್ಟಿದೆ ಅಂದುಕೊಂಡೆ.
ಅಂದುಕೊಳ್ಳುವುದಕ್ಕೂ ಕಟ್ಟುವುದಕ್ಕೂ ನಡುವೆ
ಇರುವುದು ಒಂದೇ ಗಂಟು.

“ನೆಟ್ಟಗೆ ಧಾರೆ ಬಿಡಬ್ಯಾಡ, ಕಿಡಿ ಹಾರ್ತವೆ.
ಉಂಗ್ರ ತಿರುಗ್ಸು, ಮಂಜು ಮಾಡು.”
ತಿರುಗಿಸಿದೆ. ನೀರು ಕೊಡೆಯಂತೆ ಬಿಚ್ಚಿತು,
ಒಂದು ಕಡೆ ಹರಿದ ಕೊಡೆ.
ಆಮೇಲೆ ಮುದಿ ಎತ್ತಿನ ಉಚ್ಚೆಯ ಹಾಗೆ ತೊಟ್ಟಿಕ್ಕಿತು.
ಕೊಪ್ಪರಿಗೆಯ ಮೇಲಿನ ಸೋಗೆಯ ಸೂರು
ಹತ್ತಲೋ ಬೇಡವೋ ಎನ್ನುತ್ತಿತ್ತು.
ಅಚ್ಚಿನಲ್ಲಿ ಆರಲಿಟ್ಟ ಬೆಲ್ಲ ಮತ್ತೆ ಪಾಕವಾಗಿ
ನಮ್ಮ ಬೂಟಿನತ್ತ ಹರಿದು ಬರುತ್ತಿತ್ತು.

ಜವರಯ್ಯ ನನ್ನ ಕೈಮೇಲೆ ಕೈಯಿಟ್ಟು
ಉಂಗುರವನ್ನು ಕೊನೆಯ ಗೀರಿಗೆ ತಂದರು.
ನಾನು ಎಂದೂ ಮುಟ್ಟದ ಗೀರು.
ನಾಜಲ್ ಬಾಯಿ ಅಗಲಿಸಿ ಉಗುಳಿತು
ಒಂದು ಬಸವನಹುಳು.
ಕಡಲೆಯಷ್ಟು. ಚಿಪ್ಪು ಪೂರಾ.
ಬೆಂಕಿಯ ಬೆಳಕಿನಲ್ಲಿ ಒಮ್ಮೆ ಹೊಳೆದು ಬಿತ್ತು.
ನೀರು ಮರಳಿತು.

ಆಲೆಮನೆ ಉಳಿಯಿತು, ಅರ್ಧ.
ಆ ಅರ್ಧದಲ್ಲಿ ನಿಂತು ಪುಟ್ಟಮಾದಮ್ಮ
ನಮಗೆಲ್ಲ ಒಂದೊಂದು ಲೋಟ ಕಬ್ಬಿನ ಹಾಲು ಕೊಟ್ಟಳು.
ನನಗೆ ಇಳಿಯಲಿಲ್ಲ.
ನಾಜಲ್ಲನ್ನು ಪಾಕದಲ್ಲೇ ಇಟ್ಟು ಕೂತುಬಿಟ್ಟೆ.
ಅದೂ ತಪ್ಪೇ.

ಗೊತ್ತು, ಎಲ್ಲ ಗೊತ್ತು ನನಗೆ, ಬಾಯಿಪಾಠ:
ಬಿಸಿನೀರು, ಸೋಪು, ಹಳೆಯ ಹಲ್ಲುಜ್ಜುವ ಬ್ರಶ್ಶು.
ತಂತಿ ತೂರಿಸಬಾರದು, ಗೀರಿದರೆ ಧಾರೆ ಸೀಳುತ್ತದೆ.
ವಾಷರ್ ತೆಗೆದು ಬೆರಳಲ್ಲಿ ಮಡಿಸಿ ನೋಡು,
ಬಿರುಕಿದ್ದರೆ ಎಸೆ.
ರಬ್ಬರಿಗೆ ಎಂಜಿನ್ ಎಣ್ಣೆ ಸೋಕಿಸಬೇಡ, ಊದುತ್ತದೆ.
ಉಂಗುರವನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ ಕಿವಿಗೊಡು,
ಮರಳಿದ್ದರೆ ಹಲ್ಲು ಕಡಿಯುತ್ತದೆ.
ಬಾಯಿ ಕೆಳಗೆ ಮಾಡಿ ನೆರಳಲ್ಲಿ ಒಣಗಿಸು.

ಬಯ್ಯಲಿಲ್ಲ ಅವರು. ರಿಜಿಸ್ಟರು ತೆರೆದು
ದೋಷದ ಕಾಲಮ್ಮಿನಲ್ಲಿ ದುಂಡಗೆ ಬರೆದರು:
ಬಸವನಹುಳು, ಒಂದು.
ಕಾರಣದ ಕಾಲಮ್ಮು ಖಾಲಿ ಬಿಟ್ಟು
ಪೆನ್ನನ್ನು ನನ್ನ ಕಡೆ ಉರುಳಿಸಿದರು.

ಬರೆದೆ.
ಸಹಿಯನ್ನೂ ಹಾಕಿದೆ.
ಎದ್ದು ಬಕೆಟ್ಟಿನ ಬಿಸಿನೀರು ತಂದು
ನಾಜಲ್ಲಿನ ಮೇಲೆ ಸುರಿಯಲು ಎತ್ತಿದಾಗ
ಜವರಯ್ಯ ಅಡ್ಡ ಕೈ ಚಾಚಿದರು.
ಅದನ್ನು ಓರೆ ಮಾಡಿ, ಹಿತ್ತಾಳೆಯ ಬೆನ್ನನ್ನು
ಎರಡು ಬೆರಳಿನಿಂದ ಮೆಲ್ಲಗೆ ತಟ್ಟುತ್ತ,
“ವಸಿ ತಡಿಯೋ,” ಅಂದರು,
“ಒಳೀಕೆ ಇನ್ನೂ ಜನ ಅವ್ರೆ.”