ಅರ್ತಿಂಗ್ ಗುಂಡಿ

ಹದಿನಾಲ್ಕು ಸಾವಿರದ ಸಾಕೆಟ್ಟು.
ಡಬ್ಬಿಯೊಳಗೆ ಮಖಮಲ್ಲು, ಅದರೊಳಗೆ ಮೂರು ತೂತು,
ತೂತಿನೊಳಗೆ ಚಿನ್ನದ ಲೇಪ.
"ಕೈ ತೊಳಕೊಂಡು ಮುಟ್ಟು ಜಬೀವುಲ್ಲಾ" ಅಂದರು
ಹಾಲೇಶಪ್ಪ ಡಾಕ್ಟರು, ದನದ ಡಾಕ್ಟರು,
ರಿಟೈರಾಗಿ ವಿನೋಬನಗರದಲ್ಲಿ ಮನೆ.

ತೊಳೆದೆ.

ಮೂವತ್ತು ವರ್ಷ ಎಮ್ಮೆಯ ಪಕ್ಕೆಗೆ ಕಿವಿಯಿಟ್ಟವರು;
ನಾಲ್ಕು ಹೊಟ್ಟೆಯಲ್ಲಿ ಯಾವುದು ಮುನಿಸಿಕೊಂಡಿದೆ ಎಂದು
ಸೊರಬದ ಕೊಟ್ಟಿಗೆಗಳ ಕತ್ತಲಲ್ಲೇ ಹೇಳಿದವರು.
ಈಗ ಅದೇ ಸ್ಟೆತಾಸ್ಕೋಪು ಆಂಪ್ಲಿಫೈಯರಿನ ಬೆನ್ನ ಮೇಲೆ.
"ಒಳಗೊಂದು ಗುಂಯ್ ಇದೆ.
ತಂಬೂರಿಯ ಕೆಳಗೆ ಇನ್ನೊಂದು ತಂಬೂರಿ,
ಶ್ರುತಿಗೆ ಸೇರದ್ದು."

ಇಂಥ ಕಿವಿಯ ಮುಂದೆ ನಗುವುದು ಹೇಗೆ?
ನನ್ನ ಎಡಗಿವಿ ಡ್ರಿಲ್ಲಿನ ಪಾಲಾಗಿ ಹನ್ನೆರಡು ವರ್ಷ,
ಬಲಗಿವಿಗೆ ನನ್ನ ಹೆಂಡತಿ ಸಾಕು.
ನಾನು ಕೇಳುವುದು ಕೈಯ ಹಿಂಬದಿಯಿಂದ:
ಪೆಟ್ಟಿಗೆಯ ತಗಡಿಗೆ ತಾಕಿಸಿದೆ.
ಜುಂ ಅಂದಿತು. ಇರುವೆ ಸಾಲು.

ಆದರೂ ಲೆಕ್ಕ ಬರುತ್ತದಲ್ಲ.
ಶರಾವತಿ ಚಕ್ರ ತಿರುಗಿಸಿ, ಕಂಬ ಹತ್ತಿ, ಕುಂಸಿ ದಾಟಿ,
ನಮ್ಮೂರ ಟ್ರಾನ್ಸ್‌ಫಾರ್ಮರಿನಲ್ಲಿ ಕೂತು ದಣಿವಾರಿಸಿ,
ಎದುರಿನ ಹಿಟ್ಟಿನ ಗಿರಣಿಗೆ ಅರ್ಧ ಕೊಟ್ಟು
ಇವರ ಗೋಡೆಗೆ ಬರುವಷ್ಟರಲ್ಲಿ
ನೂರು ಕಿಲೋಮೀಟರು ಅಲ್ಯೂಮಿನಿಯಂ.
ಕೊನೆಗೆ ಮೂರಿಂಚು ಚಿನ್ನ.
ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಅಂತಾರೆ;
ಇದು ಹೊಳೆಯೇ ಹೊಸ್ತಿಲಿಗೆ ಬಂದ ಮೇಲೆ
ಅದರ ಕಾಲಿಗೆ ಗೆಜ್ಜೆ ಕಟ್ಟಿದ ಹಾಗೆ.

ಹೇಳಲಿಲ್ಲ. ಮೇನ್ ಇಳಿಸಿದೆ.

ಹಳೆಯದನ್ನು ಬಿಚ್ಚಿದರೆ ನ್ಯೂಟ್ರಲ್ಲಿನ ಸ್ಕ್ರೂ
ಆರು ವರ್ಷದ ಹುಡುಗನ ಹಾಲುಹಲ್ಲಿನಂತೆ ಅಲುಗುತ್ತಿತ್ತು,
ಸುತ್ತ ಕರಿ, ಸುಟ್ಟ ವಾಸನೆ.
ಹೊಸದು ಕೂರಿಸಿ ಬಿಗಿದೆ.
ಹಳೆಯದನ್ನೇ ಅರ್ಧ ಸುತ್ತು ಬಿಗಿದಿದ್ದರೂ...
ಇರಲಿ.

ಹಿತ್ತಿಲಿಗೆ ಹೋದೆ. ಅರ್ತಿಂಗ್ ಗುಂಡಿಯ ಮುಚ್ಚಳದ ಮೇಲೆ
ಗಂಗಾಂಬಿಕಮ್ಮ ದೊಡ್ಡಪತ್ರೆಯ ಕುಂಡ ಇಟ್ಟಿದ್ದರು.
ಸರಿಸಿ ನೋಡಿದರೆ ಏಪ್ರಿಲ್ಲಿನ ಮಣ್ಣು, ಬಿರುಕು,
ಉಪ್ಪೂ ಇಲ್ಲ, ಇದ್ದಿಲೂ ಇಲ್ಲ, ಒಂದು ಜೇಡ.
ಎರಡು ಕೊಡ ನೀರು ಹುಯ್ದೆ, ಎರಡು ಹಿಡಿ ಕಲ್ಲುಪ್ಪು.
ನೆಲ ಗುಟುಕ್ ಗುಟುಕ್ ಎಂದಿತು.
ಆ ಸದ್ದು ನನಗೂ ಕೇಳಿಸಿತು.

ಮೇನ್ ಎತ್ತಿದೆ. ಮುಳ್ಳು ತಟ್ಟೆಗಿಳಿಯಿತು.
ಡಾಕ್ಟರು ಕಣ್ಣು ಮುಚ್ಚಿದರು. ಯಾರೋ ಹೆಂಗಸು
ಷಡ್ಜದ ಮೇಲೆ ನಿಂತು ಮುಂದಿನ ಮೆಟ್ಟಿಲು ಯೋಚಿಸುತ್ತಿದ್ದಳು.
"ಗುಂಯ್ ಹೋಯಿತು! ಉಸಿರೆಳೆಯುವುದೂ ಕೇಳುತ್ತಿದೆ ಕಣೋ,
ಎರಡು ಸಾಲಿನ ನಡುವೆ ಬಾಯಿ ಒಣಗಿದೆ ಅವಳಿಗೆ.
ಚಿನ್ನ ಅಂದರೆ ಚಿನ್ನ!"

"ಗುಂಡಿ ಒಣಗಿತ್ತು ಸಾರ್, ಸ್ಕ್ರೂನೂ ಸಡಿಲ..." ಅಂದೆ.
ಅವರು ಕೇಳಿಸಿಕೊಳ್ಳಲಿಲ್ಲ. ಕೇಳುತ್ತಿದ್ದರು.

ಒಳಗಿಂದ ಗಂಗಾಂಬಿಕಮ್ಮ:
"ಮಿಕ್ಸಿಗೂ ಒಂದು ಹಾಕಪ್ಪಾ ಅಂಥದ್ದು,
ಚಟ್ನಿ ನುಣ್ಣಗಾಗಲಿ."

ಪೆಟ್ಟಿಗೆಗೆ ಮತ್ತೆ ಕೈ ತಾಕಿಸಿದೆ. ಇರುವೆ ಇಲ್ಲ,
ತಣ್ಣಗಿನ ತಗಡು.
ಚೀಟಿಯಲ್ಲಿ ಬರೆದೆ: ಸಾಕೆಟ್ ಬದಲಾವಣೆ, ಇನ್ನೂರೈವತ್ತು.
ನೀರಿಗೆ ಏನಂತ ಬರೆಯಲಿ.

ಮೂರನ್ನೂ ಒಂದೇ ಮಧ್ಯಾಹ್ನ ಮಾಡಿದ್ದು ನನ್ನ ತಪ್ಪು.
ಒಂದೊಂದಾಗಿ ಮಾಡಿದ್ದರೆ ಗೊತ್ತಾಗುತ್ತಿತ್ತು
ಯಾವುದಕ್ಕೆ ಆ ಹೆಂಗಸು ಬಾಯಿಬಿಟ್ಟಳು ಅಂತ.
ರಾತ್ರಿ ಟಿಪ್ಪುನಗರದ ಮನೆಯಲ್ಲಿ ಹೆಂಡತಿ,
"ನಿಜಕ್ಕೂ ಫರಕು ಇತ್ತಾ?"
"ಎಡಗಿವಿಯ ಕಡೆ ಬಂದು ಕೇಳು" ಅಂದೆ.

ಮುಂದಿನ ಏಪ್ರಿಲ್ಲಿಗೆ ಫೋನು.
"ಜಬೀವುಲ್ಲಾ, ಸ್ವರ ಮಂಕಾಗಿದೆ.
ಇದಕ್ಕಿಂತ ಮೇಲಿನ ಸಾಕೆಟ್ಟು ಬಂದಿದೆಯಂತೆ,
ಇಪ್ಪತ್ತೆರಡು ಸಾವಿರ."
"ತರಿಸಬೇಡಿ ಸಾರ್, ಒಮ್ಮೆ ನೋಡುತ್ತೇನೆ."

ಹಿತ್ತಿಲ ಬಾಗಿಲಿಂದ ಹೋದೆ.
ದೊಡ್ಡಪತ್ರೆಯ ಕುಂಡ ಆಗಲೇ ಪಕ್ಕಕ್ಕೆ ಸರಿದಿತ್ತು.
ಗಂಗಾಂಬಿಕಮ್ಮ ಕೊಡ ಹಿಡಿದು ನಿಂತಿದ್ದರು.
"ಉಪ್ಪು ಎಷ್ಟಪ್ಪಾ?" ಅಂದರು ಮೆಲ್ಲಗೆ,
ಸಾರಿಗೆ ಕೇಳುವ ಹಾಗೆ.