ಸರ್ವೆ ನಂಬರ್ ನೂರಾ ಹನ್ನೊಂದು

ಔರಾದಿನ ಕಚೇರಿಯ ಕಡತದಲ್ಲಿ ಇದು ಗಾಯರಾಣ.
ಪಕ್ಕದ ಕಾಲಮ್ಮಿನಲ್ಲಿ: ಖರಾಬು.
ಮರಗಳು: ಇಲ್ಲ.
ನನಗಿಂತ ಮೊದಲು ಬಂದವನ ಅಕ್ಷರ ದುಂಡಗಿದೆ,
ಜೀಪಿನಿಂದ ಇಳಿಯದೆಯೇ ಬರೆದಿರಬೇಕು.

ನಾನು ಇಳಿದೆ. ಶಿವರಾತ್ರಿ ಕಳೆದು ವಾರ.
ಬೂಟಿನಡಿ ಕೆಂಪು ಮುರ
ಹುರಿಗಡಲೆಯ ಹಾಗೆ ಸಿಡಿಯಿತು.
ಮೊಣಕಾಲುದ್ದ ಹುಲ್ಲು, ಅದರ ಬಣ್ಣ
ಒಗೆದೊಗೆದು ಸೋತ ಧೋತರದ್ದು;
ಒಂದೊಂದು ತೆನೆಯೂ ಸೂಜಿಯಾಗಿ
ನನ್ನ ಪ್ಯಾಂಟಿಗೆ ಹೊಲಿಗೆ ಹಾಕುತ್ತ ಬಂತು.

ಸರಪಳಿಯ ಆ ತುದಿ ಘಾಳೆಪ್ಪನದು.
‘ಇಲ್ಲೇನೂ ಇಲ್ಲಂತ ಬರಕೊಂಡು ಹೋಗೋದು ಸಸಾರ ಅದ ಸಾಹೇಬ್ರ,
ಸುಮ್ಮ ನಿಂತ್ರ ತ್ರಾಸ’ ಅಂದ.

ನಿಂತೆ.

ಮೊದಲು ಬರೀ ಬಿಸಿಲು. ಆಮೇಲೆ
ಬಿಸಿಲಿನೊಳಗಿಂದ ಒಂದು ಕಿವಿ.
ಕಿವಿಯ ಹಿಂದೊಂದು ಚಿಗರಿ, ಅದರ ಹಿಂದೆ ಹನ್ನೆರಡು,
ನಡುವೆ ಕರೀ ಬೆನ್ನಿನ ಗಂಡು,
ತಿರುಪು ಕೋಡುಗಳ ಮಧ್ಯೆ ದೂರದ ಮೊಬೈಲ್ ಟವರನ್ನು
ಅಳತೆಗೆ ಹಿಡಿದವನಂತೆ.
ನಾನು ಕೆಮ್ಮಿದೆ. ಹದಿಮೂರೂ ಒಮ್ಮೆಲೇ
ನೆಲದಿಂದ ಸಾಲ ತೀರಿಸಿಕೊಂಡು ಹಾರಿದವು.

ಮುತ್ತಲದ ಗಿಡವೊಂದು ಎಲೆಯೆಲ್ಲ ಉದುರಿಸಿ
ಬರೀ ಕೆಂಡ ಹೊತ್ತು ನಿಂತಿತ್ತು. ಅದನ್ನು
ಮರವೆಂದು ಬರೆಯಬೇಕೋ ಬೇಡವೋ, ನಿಯಮದಲ್ಲಿ ಸುತ್ತಳತೆ ಇದೆ,
ಕೆಂಪಿನ ಲೆಕ್ಕವಿಲ್ಲ.
ತಂಗಡಿಯ ಬುಡದಲ್ಲಿ ನರಿಯ ಗುದ್ದು;
ಬಾಯಲ್ಲಿ ಒಣಗಿದ ಹಿಕ್ಕೆ, ಅದರೊಳಗೆ
ಬಾರಿಯ ಬೀಜ, ಜೀರುಂಡೆಯ ರೆಕ್ಕೆ, ಇಲಿಯ ಒಂದು ಹಲ್ಲು.
ಏನು ತಿಂದೆನೆಂದು ಇಷ್ಟು ನೇರವಾಗಿ ಒಪ್ಪಿದ ದಾಖಲೆ
ನಮ್ಮ ಕಚೇರಿಯಲ್ಲಿ ಒಂದೂ ಇಲ್ಲ.

ನಾಲ್ಕನೇ ಕಲ್ಲಿನ ಹತ್ತಿರ ಗಲಾಟೆ.
ಟಿಟ್ಟಿಭ ತಲೆಯ ಮೇಲೆ ಚೀರುತ್ತ ಸುತ್ತಿತು,
ಇಳಿಯಿತು, ಮುರಿದ ರೆಕ್ಕೆಯ ನಾಟಕ ಮಾಡುತ್ತ
ನಮ್ಮನ್ನು ಬೇರೆ ಕಡೆ ಕರೆಯಿತು.
ಹೋಗಲಿಲ್ಲ. ನಕ್ಷೆ ನೋಡಿದೆ, ದಾರ ಎಳೆದೆ,
ದಾರದ ನೇರ ಕೆಳಗೆ
ಮುರಕಲ್ಲಿನಂಥವೇ ನಾಲ್ಕು, ಮೇಲೆ ಮಸಿಯ ಚುಕ್ಕೆ.
ಘಾಳೆಪ್ಪ ಹಾರೆ ಕೆಳಗಿಟ್ಟ.
‘ಕಲ್ಲು ಸರಿಸಿದ್ರ ಭೂಮಿ ಬಿಟ್ಟು ಹೋಗ್ತದೇನ್ರಿ?’

ಹೋಗಲಿಲ್ಲ ಭೂಮಿ.
ಒಂದೂವರೆ ಮೊಳ ತಪ್ಪಿ ನಿಂತಿದೆ ಕಲ್ಲು ಈಗಲೂ;
ನಕ್ಷೆಯಲ್ಲಿ ಅದು ಸರಿಯಾದ ಜಾಗದಲ್ಲೇ ಇದೆ.

ರಾತ್ರಿ ಲಾಡ್ಜಿನ ಮಂಚದ ಮೇಲೆ ಕೂತು
ಕಾಲುಚೀಲದ ಸೂಜಿಗಳನ್ನು ಬಿಡಿಸಿದೆ,
ಐವತ್ತರ ಮೇಲೆ ಎಣಿಕೆ ಬಿಟ್ಟೆ.
ಒಂದು, ಬಿಚ್ಚಿದ ಕಡತದ ಮೇಲೆ ಬಿದ್ದಿತ್ತು.
ಲೋಟ ತುಳುಕಿ ಹನಿಯೊಂದು ತಾಗಿದ್ದೇ ತಡ
ಅದರ ಬಾಲ ಹೊರಳಿತು. ತಿರುಗಿತು.
ಮತ್ತೆ ತಿರುಗಿತು,
ಖರಾಬು ಅನ್ನುವ ದುಂಡಕ್ಷರದ ಮೇಲೆ
ಮೊನೆಯೂರಿ
ಮಣ್ಣು ಹುಡುಕುತ್ತ.